ಬಲಗೈಗೆ ಬಳೆ ಇಡಿಸಿದ ಶ್ರಾವಣ

ಪಕ್ಕದ ಮನೆಯವರು ನಡುಮನೆಯ ಸೀಲಿಂಗಿಗೆ ಪಿಓಪಿ ಮಾಡಿಸುತ್ತಿದ್ದಾರೆ. ಬೆಳಿಗ್ಗೆಯಿಂದ ಇಬ್ಬರು ಕೆಲಸಗಾರರು ಬಾಣಲೆಯಲ್ಲಿ ಬಿಳಿ ಹಿಟ್ಟು ಕಲಸುವುದು, ಮೇಲಕ್ಕೆ ಬಳಿಯುವುದು ನಡೆದೇ ಇದೆ. ಬಟ್ಟೆ ಒಣಹಾಕಲು ಮಾಳಿಗೆ ಹತ್ತಿದ ನನಗೆ ಆ ವಾಸನೆ ಮೂಗಿಗೆ ಬಡಿಯಿತು. ಹಸಿ ಸುಣ್ಣದ ಹಾಗೆ, ಆದರೆ ಸುಣ್ಣದ ಘಾಟಿಲ್ಲದ, ತಣ್ಣನೆಯ ಮಣ್ಣಿನ ವಾಸನೆ. ಒದ್ದೆ ಸೀರೆ ಹಿಡಿದುಕೊಂಡು ಹಾಗೇ ನಿಂತೆ. ರಾಯದುರ್ಗದ ಆ ಬಿಸಿಲಿನಲ್ಲಿ ಮೈಯೆಲ್ಲ ತಣ್ಣಗೆ ಬೆವರಿತು. ಬಲಗೈ ತಾನಾಗಿ ಬಂದು ಹೊಟ್ಟೆಗೆ ಒತ್ತಿಕೊಂಡಿತು.

ನಾನು ಹುಟ್ಟಾ ಪುಕ್ಕಲಿ. ಹಲ್ಲಿ ಲೊಚಗುಟ್ಟಿದರೆ ಹೆದರುತ್ತೇನೆ, ಕುಕ್ಕರ್ ಕೂಗುವ ಮೊದಲೇ ಹೆದರಿ ಆಚೆ ಹೋಗಿ ನಿಲ್ಲುತ್ತೇನೆ. ಇಂಥವಳ ಕೈಯನ್ನು ಕೊಯ್ದು, ಒಳಗಿನ ಸ್ನಾಯುಗಳ ಹುರಿಗಳನ್ನು ಕಿತ್ತು ಬೇರೆ ಕಡೆ ಹೊಲಿದು, ಮೇಲೆ ಇದೇ ಪಿಓಪಿ ಮೆತ್ತಿ ಮನೆಗೆ ಕಳಿಸಿದ ವರ್ಷವೊಂದಿತ್ತು. ಆ ವರ್ಷದ ಆಷಾಢ ಮತ್ತು ಶ್ರಾವಣವನ್ನು ನಾನು ಹೇಗೆ ದಾಟಿದೆನೋ ನನಗೇ ಸೋಜಿಗ.

ಅದಕ್ಕೆ ಮೂರು ವರ್ಷ ಹಿಂದೆ ಗುಮ್ಮಘಟ್ಟದಿಂದ ಬರುತ್ತಿದ್ದ ಶೇರ್ ಆಟೋ, ಕುರಿಹಿಂಡು ಅಡ್ಡ ಬಂತೆಂದು ಪಕ್ಕಕ್ಕೆ ಎಳೆದಾಗ ಉರುಳಿಕೊಂಡಿತ್ತು. ಒಳಗಿದ್ದವರೆಲ್ಲ ಮೈ ಕೊಡವಿ ಎದ್ದರು. ನನ್ನ ಬಲತೋಳಿನ ಎಲುಬು ಮಾತ್ರ ಮುರಿಯಿತು. ಎಲುಬು ಚೆನ್ನಾಗಿಯೇ ಕೂಡಿಕೊಂಡಿತು, ಆದರೆ ತೋಳಿನ ಹಿಂದೆ ಸುತ್ತಿ ಬರುವ ನರ ಸತ್ತುಹೋಗಿತ್ತು. ಕೈ ಮಣಿಕಟ್ಟಿನಿಂದ ಜೋತು ಬಿತ್ತು. ಮುಷ್ಟಿ ಕಟ್ಟಲು ಬರುತ್ತಿತ್ತು, ಬಿಚ್ಚಲು ಬರುತ್ತಿರಲಿಲ್ಲ. ಲೋಟ ಹಿಡಿಯಬೇಕಾದರೆ ಎಡಗೈಯಿಂದ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಲೋಟದ ಸುತ್ತ ಕೂರಿಸಬೇಕು. ಆಮೇಲೂ ಲೋಟ ನಿಲ್ಲುತ್ತದೆಂಬ ನಂಬಿಕೆಯಿಲ್ಲ.

ನಾನು ಇಲ್ಲಿನ ಜೀನ್ಸ್ ಶೆಡ್ ಒಂದರಲ್ಲಿ ಪ್ಯಾಂಟುಗಳಿಗೆ ಜೇಬು ಹೊಲಿಯುತ್ತಿದ್ದವಳು. ಬಟ್ಟೆಯನ್ನು ಸೂಜಿಯ ಕೆಳಗೆ ಸರಿಸುವುದು ಚಾಚಿದ ಬೆರಳುಗಳ ಕೆಲಸ, ಜೋತುಬಿದ್ದ ಬೆರಳು ಸೂಜಿಗೇ ಹೋಗಿ ಬೀಳುತ್ತದೆ. ಮೂಲೆಯಲ್ಲಿ ಕೂತು ಎಡಗೈಯಲ್ಲಿ ದಾರ ಕತ್ತರಿಸುವ ಕೆಲಸಕ್ಕೆ ಇಳಿದೆ. ನರ ಮಲಗಿದೆ, ಎದ್ದೀತು ಎಂದರು ಎಲ್ಲರೂ. ಎಣ್ಣೆ ತಿಕ್ಕಿದ್ದಾಯಿತು, ನೇಮಕಲ್ಲಿನ ಆಂಜನೇಯನಿಗೆ ಶನಿವಾರಗಳನ್ನು ಹಿಡಿದದ್ದಾಯಿತು. ನರ ಏಳಲಿಲ್ಲ.

ಕೊನೆಗೆ ಅನಂತಪುರದಲ್ಲಿ ಒಬ್ಬ ಡಾಕ್ಟರು ಸಿಕ್ಕರು. ನನ್ನ ಕೈಯನ್ನು ಅತ್ತಿತ್ತ ತಿರುಗಿಸಿ, ಹೆಬ್ಬೆರಳು ಕಿರುಬೆರಳು ಕೂಡಿಸಿ ಮಣಿಕಟ್ಟು ಬಗ್ಗಿಸಲು ಹೇಳಿದರು. ಮಣಿಕಟ್ಟಿನ ನಡುವೆ ಒಂದು ಹುರಿ ಎದ್ದು ನಿಂತಿತು.

“ನರ ಇನ್ನು ಬರೋದಿಲ್ಲಮ್ಮ. ಆದರೆ ಕೈ ಬಗ್ಗಿಸೋ ಹುರಿಗಳು ನಿನಗೆ ಬೇಕಾದಷ್ಟಿವೆ. ಅದರಲ್ಲಿ ಮೂರನ್ನ ಬಿಡಿಸಿ ಹಿಂದಕ್ಕೆ ತಂದು ಹೊಲೀತೀನಿ. ಒಂದು ಮಣಿಕಟ್ಟು ಎತ್ತುತ್ತೆ, ಒಂದು ಬೆರಳು ಬಿಡಿಸುತ್ತೆ, ಈಗ ಕಾಣ್ತಲ್ಲ, ಇದು ಹೆಬ್ಬೆರಳಿಗೆ.”

“ಹೊಲಿಗೆ ಬಿಚ್ಚಿಕೊಂಡ್ರೆ?” ಎಂದೆ.

“ಕಾಪಾಡಿಕೊಂಡ್ರೆ ಬಿಚ್ಚೋದಿಲ್ಲ. ಬಿಚ್ಚಿದ್ರೆ ಎರಡನೇ ಸಲ ಕಷ್ಟ” ಎಂದರು.

ಹೊಲಿಗೆಯವಳಿಗೆ ಹೊಲಿಗೆಯ ಬಂಡವಾಳ ಗೊತ್ತಿರುತ್ತದೆ. ಒಂದು ಕಡೆಯ ಬಟ್ಟೆ ಕತ್ತರಿಸಿ ಇನ್ನೊಂದು ಕಡೆ ತೇಪೆ ಹಾಕಿದರೆ ಎಷ್ಟು ಸಲ ಎರಡೂ ಕಡೆ ಪಿಸಿದಿರುವುದನ್ನು ನಾನೇ ನೋಡಿಲ್ಲವೇ? ಮನೆಗೆ ಬಂದು ಹೇಳಿದಾಗ ನಮ್ಮತ್ತೆ ಬಸಮ್ಮನವರೂ ಅದನ್ನೇ ಅಂದರು.

“ಬ್ಯಾಡವಾ ಶಾರದಾ. ಅರ್ಧ ಕೈ ಆದ್ರೂ ಐತೆ. ಇರೋದನ್ನೂ ಕೊಯ್ಸಿಕೊಂಡು ಬಂದು ಕುಂದ್ರತೀಯೇನು?”

ನನ್ನ ಗಂಡ ಮಲ್ಲಿಕಾರ್ಜುನ ಲಾರಿ ಡ್ರೈವರ್. ತಿಂಗಳಲ್ಲಿ ಮುಕ್ಕಾಲು ಪಾಲು ರಸ್ತೆಯ ಮೇಲೇ ಇರುವವರು. ಅವರು ಫೋನಿನಲ್ಲಿ, “ನೀ ಹೆಂಗಂತೀಯೋ ಹಂಗ” ಎಂದು ನನ್ನ ಮೇಲೇ ಹಾಕಿಬಿಟ್ಟರು. ಒಳ್ಳೆಯ ಗಂಡಸು, ಆದರೆ ಹೆದರಿದವಳಿಗೆ ಇಂಥ ಒಳ್ಳೆಯತನದಿಂದ ಏನು ಉಪಯೋಗ!

ಹಾಗೆಯೇ ಸುಮ್ಮನಾಗುತ್ತಿದ್ದೆನೋ ಏನೋ. ಒಂದು ದಿನ ಕುದಿಯುವ ಬೇಳೆಸಾರಿನ ಪಾತ್ರೆ ಇಳಿಸುವಾಗ ಬಲಗೈ ಮಡಚಿಕೊಂಡಿತು. ಸಾರು ಅತ್ತೆಯ ಪಾದದ ಮೇಲೆ ಹೋಯಿತು. ಅವರು ನೀರಿಗೆ ಕಾಲಿಟ್ಟುಕೊಂಡು ಕೂತು, “ಏನಿಲ್ಲ ಬಿಡು, ಏನಿಲ್ಲ” ಎನ್ನುತ್ತಿದ್ದರು, ಚರ್ಮ ಮಾತ್ರ ಗುಳ್ಳೆ ಎದ್ದು ನಿಂತಿತ್ತು. ಅಂದು ಆಪರೇಷನ್ನಿಗಿಂತ ಈ ಕೈಗೇ ಹೆಚ್ಚು ಹೆದರಿದೆ. ಮರುದಿನವೇ ಮಡಕಶಿರಾದಲ್ಲಿದ್ದ ಅವ್ವನಿಗೆ ಫೋನ್ ಮಾಡಿ, ಆಸ್ಪತ್ರೆಗೆ ಜೊತೆಗೆ ಬಾ ಎಂದೆ.

ಆಷಾಢದ ಗಾಳಿ ಬೀಸುತ್ತಿದ್ದಾಗ ಆಪರೇಷನ್ ಆಯಿತು. ಬಲಗೈಯ ಬಳೆ ತೆಗೆಯಬೇಕೆಂದು ನರ್ಸ್ ಹೇಳಿದಾಗ ಅವ್ವ ಕೊಬ್ಬರಿ ಎಣ್ಣೆ ಸವರಿ ಒಂದೂ ಒಡೆಯದ ಹಾಗೆ ಜಾರಿಸಿದಳು, ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಜ್ಞಾನ ತಪ್ಪಿಸುತ್ತಾರೆಂದು ನಾನು ನಂಬಿಕೊಂಡಿದ್ದೆ. ಅವರು ಕುತ್ತಿಗೆಯ ಪಕ್ಕ ಒಂದು ಸೂಜಿ ಚುಚ್ಚಿ ಕೈಯನ್ನಷ್ಟೇ ಮರಗಟ್ಟಿಸಿದರು. ಮುಖಕ್ಕೆ ಅಡ್ಡ ಹಸಿರು ಬಟ್ಟೆ ಕಟ್ಟಿದರು. ಆ ಕಡೆ ನನ್ನ ಕೈ, ಈ ಕಡೆ ನಾನು. ಒಮ್ಮೆ ಯಾರೋ ಒಂದು ಕೈಯನ್ನು ಬಟ್ಟೆಗಿಂತ ಮೇಲಕ್ಕೆ ಎತ್ತಿದರು. ಹಳದಿ ಔಷಧಿ ಬಳಿದ, ಜೋತಾಡುವ ಕೈ. ಯಾರದಪ್ಪ ಇದು ಎಂದುಕೊಂಡೆ. ನನ್ನದೆಂದು ತಿಳಿದಾಗ ಜೀವವೇ ಬಾಯಿಗೆ ಬಂತು.

“ಭಯಪಡಕಮ್ಮಾ, ಏಮೀ ಕಾದು” ಎಂದಿತು ತಲೆಯ ಹತ್ತಿರ ಒಂದು ಹೆಣ್ಣು ದನಿ. ಹೆದರಬೇಡ, ಏನೂ ಆಗುವುದಿಲ್ಲ ಎಂದು ಎಷ್ಟು ಸುಲಭವಾಗಿ ಹೇಳಿಬಿಡುತ್ತಾರೆ. ನಾನು ಕಣ್ಣು ಮುಚ್ಚಿ, ಬಟ್ಟೆಯ ಆ ಕಡೆ ದಾರ ಕತ್ತರಿಸುವ ಸದ್ದನ್ನು ಕೇಳುತ್ತ ಮಲಗಿದ್ದೆ. ಆ ಸದ್ದು ನನಗೆ ಚೆನ್ನಾಗಿ ಗೊತ್ತಿದ್ದ ಸದ್ದು.

ಕೊನೆಯಲ್ಲಿ ಮೊಣಕೈ ದಾಟಿಸಿ ಬೆರಳಿನವರೆಗೆ ಪಿಓಪಿಯ ಒದ್ದೆ ಪಟ್ಟಿ ಸುತ್ತಿದರು. ಮಣಿಕಟ್ಟು ಮೇಲಕ್ಕೆ, ಬೆರಳು ನೆಟ್ಟಗೆ, ಹೆಬ್ಬೆರಳು ಹೊರಕ್ಕೆ. ಮೂರು ವರ್ಷ ಜೋತುಬಿದ್ದಿದ್ದ ಕೈ ಯಾರನ್ನೋ ‘ನಿಲ್ಲು’ ಎನ್ನುವಂತೆ ನೆಟ್ಟಗಾಯಿತು. ಮರಗಟ್ಟಿದ್ದು ಬಿಡುವ ಹೊತ್ತಿಗೆ ವಾರ್ಡಿಗೆ ತಂದಿದ್ದರು. ಮೇಲೆ ಇನ್ನೊಂದಿಷ್ಟು ಒದ್ದೆ ಪಟ್ಟಿ ಸುತ್ತಿದಾಗ ಒಳಗೆ ಸುಡತೊಡಗಿತು. ಕೈಗೆ ಬೆಂಕಿ ಹತ್ತಿದೆ ಎಂದು ಚೀರಿಕೊಂಡೆ.

“ಸುಮ್ಕಿರು ಕಣವ್ವ, ಒಣಗುವಾಗ ಬಿಸಿ ಆಗ್ತದಂತೆ. ನರ್ಸಮ್ಮ ಹೇಳವ್ಳೆ” ಎಂದು ಅವ್ವ ನನ್ನ ಬಾಯಿಗೆ ಸೆರಗು ಅಡ್ಡ ಹಿಡಿದಳು.

ಕಟ್ಟು ಬಿಚ್ಚುವವರೆಗೆ ಮಡಕಶಿರಾದಲ್ಲಿ ಅವ್ವನ ಮನೆಯಲ್ಲಿದ್ದೆ. ಮೋಡ ಬೆಟ್ಟದ ಕೋಟೆಯ ಮೇಲೆ ಬಂದು ನಿಲ್ಲುವುದು, ನಾಲ್ಕು ಹನಿ ಉದುರಿಸಿ ಗಾಳಿಗೆ ಹೊರಟುಹೋಗುವುದು, ದಿನವೂ ಇದೇ. ಅವ್ವ ರೇಷ್ಮೆ ಹುಳ ಸಾಕಿದ್ದಳು. ಮಧ್ಯಾಹ್ನ ಮನೆ ಸದ್ದಡಗಿದಾಗ ತಟ್ಟೆಗಳಲ್ಲಿ ಹುಳಗಳು ಸೊಪ್ಪು ಮೇಯುವ ಚರಚರ ಕೇಳಿಸುತ್ತಿತ್ತು. ಅದು ಕಟ್ಟಿನ ಒಳಗಿಂದಲೇ ಬರುತ್ತಿದೆ, ಏನೋ ನನ್ನ ಹೊಲಿಗೆಗಳನ್ನು ಮೆಲ್ಲುತ್ತಿದೆ ಎಂದು ನನಗನ್ನಿಸುತ್ತಿತ್ತು. ಎಡಗೈ ಬೆರಳಿನಿಂದ ಕಟ್ಟನ್ನು ತಟ್ಟಿ ತಟ್ಟಿ ಕಿವಿಗೊಡುತ್ತಿದ್ದೆ. ಹೊರಗೆ ಕಾಣುವ ಬೆರಳ ತುದಿಗಳು ಕಪ್ಪಾದವೇ ಎಂದು ಗಳಿಗೆಗೊಮ್ಮೆ ನೋಡುತ್ತಿದ್ದೆ. ಅವ್ವ ನರ್ಸ್ ಕಲಿಸಿದ ಹಾಗೆ ಉಗುರು ಒತ್ತಿ ಬಿಟ್ಟು, ಕೆಂಪು ಮರಳಿದ್ದನ್ನು ತೋರಿಸುತ್ತಿದ್ದಳು. ಮುದ್ದೆ ಮುರಿದು ಬಾಯಿಗಿಡುತ್ತಿದ್ದಳು.

“ನೀನು ಹಿಂಗೇ ಹೆದರ್ಕೊಂಡು ಕುಂತ್ರೆ ಕೈ ವಾಸಿ ಆಗೋ ಹೊತ್ಗೆ ಎದೆ ನಿಂತೋಯ್ತದೆ ನೋಡು” ಎಂದು ಬೈಯುತ್ತಿದ್ದಳು.

ಬೈಗುಳವೂ ಬೇಕೆನಿಸುತ್ತಿತ್ತು. ಬೈಯುವಾಗಲಾದರೂ ನನ್ನ ಕಿವಿ ಕಟ್ಟಿನ ಕಡೆಯಿಂದ ಅತ್ತ ತಿರುಗುತ್ತಿತ್ತು.

ಕಟ್ಟು ಬಿಚ್ಚಲು ಆಸ್ಪತ್ರೆಯವರು ತಂದದ್ದು ಕರೆಂಟಿನ ಗರಗಸ. ಅದು ಚರ್ಮ ಕೊಯ್ಯುವುದಿಲ್ಲ ಎಂದು ತಮ್ಮ ಅಂಗೈಗೇ ಹಿಡಿದು ತೋರಿಸಿದರು, ಆದರೂ ಇಬ್ಬರು ನನ್ನ ಭುಜ ಹಿಡಿದುಕೊಳ್ಳಬೇಕಾಯಿತು. ಒಳಗಿನಿಂದ ಬಂದದ್ದು ಒಣಗಿದ ನುಗ್ಗೆಕಾಯಿಯಂಥ ಕೈ. ಸಿಪ್ಪೆ ಸುಲಿಯುವ ಚರ್ಮ, ಉದ್ದಕ್ಕೂ ಗಾಯದ ಗೆರೆಗಳು. ಎದುರಿಗೆ ಫಿಸಿಯೋ ಮೇಡಂ ಕೂತರು. ಅನಂತಪುರದ ಕಡೆಯವರೇ, ಮಾತಿನಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು.

“ಈಗ ಮಣಿಕಟ್ಟು ಕೆಳಗೆ ಬಗ್ಗಿಸ್ತೀನಿ ಅಂತ ಮನಸ್ಸಲ್ಲಿ ಅಂದ್ಕೋಮ್ಮಾ. ಬೆರಳು ಏಳ್ತಾವೆ.”

ಬಗ್ಗಿಸಬೇಕೆಂದುಕೊಂಡರೆ ಏಳುತ್ತವೆಯಂತೆ! ಆದರೆ ಅವರು ತಮಾಷೆ ಮಾಡುತ್ತಿರಲಿಲ್ಲ. ಬಗ್ಗಿಸುತ್ತಿದ್ದ ಹುರಿಯನ್ನೇ ಅಲ್ಲವೇ ಬೆರಳಿಗೆ ಹೊಲಿದದ್ದು. ಅದಕ್ಕೆ ಹಳೆಯ ಕೆಲಸ ಮಾತ್ರ ಗೊತ್ತು, ಹೊಸದನ್ನು ಕಲಿಸಬೇಕು. ಕಣ್ಣು ಮುಚ್ಚಿ ಬಗ್ಗಿಸಿದೆ. ಏನೂ ಆಗಲಿಲ್ಲ. ಮತ್ತೆ ಬಗ್ಗಿಸಿದೆ. ನಡುಬೆರಳು ಗಾಳಿಗೆ ಎಲೆ ಅಲುಗಿದಷ್ಟು ಅಲುಗಿತು. ಅವ್ವ “ಅಯ್ಯೋ ಶಿವನೇ” ಎಂದಳು. ನಾನು ಅಳತೊಡಗಿದೆ, ಸಂತೋಷಕ್ಕೋ ಭಯಕ್ಕೋ ಹೇಳಲಾರೆ.

ಮೇಡಂ ಕೈಯನ್ನು ಮೇಲಕ್ಕೆತ್ತಿ ಹಿಡಿಯುವ ಒಂದು ಪ್ಲಾಸ್ಟಿಕ್ ಪಟ್ಟಿಗೆ ಬಿಗಿದರು. ಸ್ಪ್ಲಿಂಟ್ ಎನ್ನುತ್ತಾರೆ ಅದಕ್ಕೆ. ವ್ಯಾಯಾಮಕ್ಕೆ ಬಿಟ್ಟರೆ ಬಿಚ್ಚಬಾರದು. ಬಿಂದಿಗೆ ಎತ್ತಬಾರದು, ಬಟ್ಟೆ ಹಿಂಡಬಾರದು, ಮುಷ್ಟಿ ಬಿಗಿದು ಮಣಿಕಟ್ಟು ಬಗ್ಗಿಸಲೇಬಾರದು. “ಹೊಲಿಗೆ ಇನ್ನೂ ಹಸಿ” ಎಂದು ಮತ್ತೆ ಮತ್ತೆ ಹೇಳಿದರು. ಅವ್ವ ಎಲ್ಲಕ್ಕೂ ತಲೆಯಾಡಿಸಿ ನನ್ನನ್ನು ರಾಯದುರ್ಗಕ್ಕೆ ತಂದು ಬಿಟ್ಟು, ಹುಳ ಹಣ್ಣಾಗಿ ಗೂಡು ಕಟ್ಟುವ ಹೊತ್ತಾಯಿತೆಂದು ಅದೇ ಸಂಜೆ ಬಸ್ಸು ಹತ್ತಿದಳು.

ಶ್ರಾವಣ ಹುಟ್ಟಿತ್ತು. ಅತ್ತೆ ನನ್ನ ಸ್ಪ್ಲಿಂಟನ್ನು, ಗಾಯವನ್ನು ಎಲ್ಲ ನೋಡಿದರು. ಆದರೆ ಅವರ ಕಣ್ಣು ಹೋಗಿ ನಿಂತದ್ದು ಬಳೆಯಿಲ್ಲದ ಮಣಿಕಟ್ಟಿನ ಮೇಲೆ. ನಮ್ಮ ಮಾವ ಕೂಡ ಲಾರಿ ಓಡಿಸುತ್ತಿದ್ದವರು, ಘಾಟಿಯ ರಸ್ತೆಯಲ್ಲಿ ತೀರಿಹೋದವರು. ಆ ದಿನ ಬೆಳಿಗ್ಗೆ ನೀರು ಸೇದುವಾಗ ಅತ್ತೆಯ ಬಲಗೈ ಬಾವಿಯ ಕಟ್ಟೆಗೆ ಬಡಿದು ಬಳೆಗಳೆಲ್ಲ ಒಡೆದಿದ್ದವಂತೆ, ಸಂಜೆಗೆ ಸುದ್ದಿ ಬಂದಿತ್ತಂತೆ. ಇದನ್ನು ಅವರು ನನಗೆ ಹೇಳಿದ್ದು ಒಂದೇ ಸಲ, ಮದುವೆಯಾದ ಹೊಸತರಲ್ಲಿ. ಅಂದಿನಿಂದ ನನ್ನ ಕೈಯಲ್ಲಿ ಒಂದು ಬಳೆ ಕಡಿಮೆಯಾದರೂ ಅವರಿಗೆ ಅನ್ನ ಸೇರುತ್ತಿರಲಿಲ್ಲ. ಈಗ ಮಗ ನಾಗಪುರದ ಲೋಡು ಹೊತ್ತು ಹೋಗಿದ್ದರು, ಸೊಸೆಯ ಬಲಗೈ ತಿಂಗಳಿಗೂ ಮೇಲಿನಿಂದ ಬರಿದು.

ಶುಕ್ರವಾರ ಬೆಳಿಗ್ಗೆ ಬಳೆಗಾರ್ತಿ ಖಾಸಿಂಬಿ ಬಂದಳು. ನಮ್ಮ ಓಣಿಗೆಲ್ಲ ಅವಳೇ ಬಳೆ ಇಡುವವಳು. ಎಂಥ ಕೈಗೂ ಎಂಥ ಸಣ್ಣ ಬಳೆಯನ್ನೂ ಒಂದು ಗೀರು ಬೀಳದ ಹಾಗೆ ಏರಿಸುತ್ತಾಳೆಂದು ಹೆಸರು. ಅತ್ತೆಯೇ ಹೇಳಿ ಕಳಿಸಿದ್ದರು.

“ಹಬ್ಬದ ತಿಂಗಳದಾಗ ಬರಿಗೈಲೆ ಇರಬಾರದವಾ. ನಾಕು ಹಸಿರು ಬಳಿ ಇಡಿಸ್ಕೋ. ಭಾರ ಎತ್ತಂಗಿಲ್ಲ, ನೀರಾಗ ಕೈ ಇಡಂಗಿಲ್ಲ, ಸುಮ್ನ ಕುಂದ್ರೋದೈತೆ” ಎಂದರು ಅತ್ತೆ.

ಅದು ನನಗೂ ಸರಿಯೆನಿಸಿತು. ಬಿಂದಿಗೆ, ಬಟ್ಟೆ, ಮುಷ್ಟಿ ಎಲ್ಲ ಹೇಳಿದ್ದರು. ಬಳೆಯ ಮಾತು ಆಸ್ಪತ್ರೆಯಲ್ಲಿ ಯಾರೂ ಎತ್ತಿರಲಿಲ್ಲ. ಬಳೆ ಇಡಿಸಿಕೊಳ್ಳುವುದೂ ಕೈಗೊಂದು ಕೆಲಸ ಎಂದು ಯಾರಿಗೆ ತಾನೇ ಹೊಳೆಯುತ್ತದೆ? ಕೈ ಕೊಟ್ಟು ಕೂರುವುದು, ಅಷ್ಟೇ ತಾನೇ. ಅಲ್ಲದೆ ಗಂಡ ರಸ್ತೆಯ ಮೇಲಿದ್ದಾಗ ಬಳೆ ಬೇಡ ಎನ್ನುವ ಧೈರ್ಯ ನನ್ನಂಥ ಪುಕ್ಕಲಿಗೆ ಎಲ್ಲಿಂದ ಬರಬೇಕು.

ವ್ಯಾಯಾಮಕ್ಕೆ ಬಿಚ್ಚುವುದೇ ಅಲ್ಲವೇ ಎಂದು ಅತ್ತೆ ಸ್ಪ್ಲಿಂಟಿನ ಪಟ್ಟಿ ಬಿಚ್ಚಿದರು. ಖಾಸಿಂಬಿ ನನ್ನ ಕೈಗೆ ಸೋಪಿನ ನೀರು ಹಚ್ಚಿ ಮಡಿಲಿಗೆ ಎಳೆದುಕೊಂಡಳು.

“ಸಡ್ಲ ಬಿಡವಾ ಕೈನ. ನಿನ್ನ ಕೈ ಅಲ್ಲ ಅಂತ ತಿಳ್ಕೋ” ಎಂದಳು ನಗುತ್ತ.

ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿದಳು. ನಾಲ್ಕು ಬೆರಳನ್ನೂ ಒಟ್ಟಿಗೆ ಹಿಸುಕಿ, ಗೆಣ್ಣುಗಳನ್ನು ಒತ್ತಿ, ಮಣಿಕಟ್ಟನ್ನು ಕೆಳಕ್ಕೆ ಬಗ್ಗಿಸಿದಳು. ಮೊದಲ ಬಳೆ ಏರಿತು. ಕಣ್ಣಲ್ಲಿ ನೀರು ಬಂತು. ಬಳೆ ಇಡಿಸಿಕೊಳ್ಳುವಾಗ ನೋವಾಗದವರು ಯಾರು ಎಂದು ಹಲ್ಲು ಕಚ್ಚಿದೆ. ಎರಡನೆಯದೂ ಏರಿತು. ಮೂರನೆಯದಕ್ಕೆ ಇನ್ನಷ್ಟು ಬಗ್ಗಿಸಿ ಒತ್ತಿದಾಗ ಮುಂದೋಳಿನ ಒಳಗೆ ಏನೋ ಜಗ್ಗಿತು. ಬಿಗಿದ ದಾರ ಸೂಜಿಯ ಬಾಯಲ್ಲಿ ಸಿಕ್ಕಿ ಕಿತ್ತುಬರುವಾಗ ಬೆರಳಿಗೆ ಗೊತ್ತಾಗುತ್ತದಲ್ಲ, ಹಾಗೆ.

ಕಿರುಚಿ ಕೈ ಕಿತ್ತುಕೊಂಡೆ. ಆಗಲೇ ಮೇಡಂ ಹೇಳಿದ್ದು ನೆನಪಾದದ್ದು. ಮುಷ್ಟಿ ಬಿಗಿದು ಮಣಿಕಟ್ಟು ಬಗ್ಗಿಸಲೇಬಾರದು. ಖಾಸಿಂಬಿ ಮಾಡಿದ್ದು ಅದನ್ನೇ ಅಲ್ಲವೇ! ಬೆರಳು ಎತ್ತಲು ನೋಡಿದೆ. ಬಗ್ಗಿಸಬೇಕು ಎಂದುಕೊಂಡೆ, ಮತ್ತೆ ಮತ್ತೆ ಅಂದುಕೊಂಡೆ. ಒಂದು ಬೆರಳೂ ಅಲುಗಲಿಲ್ಲ. ಕೈ ಮಣಿಕಟ್ಟಿನಿಂದ ಕೆಳಕ್ಕೆ ಜೋತು ಬಿದ್ದಿತ್ತು, ಮೂರು ವರ್ಷ ಜೋತುಬಿದ್ದಿದ್ದ ಹಾಗೆಯೇ.

“ಹುಡುಗಿ ಹೆದರ್ಯಾಳ, ಅಷ್ಟ” ಎಂದಳು ಖಾಸಿಂಬಿ. ಅವಳ ದನಿಯೂ ಸಣ್ಣಗಾಗಿತ್ತು.

ಅತ್ತೆ ನನ್ನ ಮುಖ ನೋಡಿದರು, ಕೈ ನೋಡಿದರು. ಏನಾಗಿದೆಯೆಂದು ನಾನು ಬಿಕ್ಕುತ್ತ ಹೇಳಿದ್ದು ಅವರಿಗೆ ಎಷ್ಟು ಅರ್ಥವಾಯಿತೋ, ಓಡಿಹೋಗಿ ಫೋನ್ ತಂದು ಮೇಡಂಗೆ ಹಚ್ಚಿ ನನ್ನ ಕಿವಿಗೆ ಹಿಡಿದರು. ಮೇಡಂ ಎಲ್ಲ ಕೇಳಿಸಿಕೊಂಡು ಗಟ್ಟಿಯಾಗಿ ಹೇಳಿದರು:

“ತಕ್ಷಣ ಸ್ಪ್ಲಿಂಟ್ ಹಾಕ್ಕೋಬೇಕು. ಬಳೆ ಮೇಲೆ ಹಾಕಬೇಡಿ, ಊತ ಬರುತ್ತೆ. ತೆಗೀರಿ. ಆದರೆ ಜಾರಿಸಿ ತೆಗೆಯೋಕೆ ಹೋಗ್ಬೇಡಿ, ಮತ್ತೆ ಕೈ ಮಡಚಬೇಕಾಗುತ್ತೆ. ಒಡೆದುಬಿಡಿ. ನಾಳೆ ಬೆಳಿಗ್ಗೆ ಕೈ ತೋರ್ಸೋಕೆ ಬನ್ನಿ.”

ಒಡೆದುಬಿಡಿ ಎಂಬ ಮಾತು ಫೋನಿನಿಂದ ಹೊರಗೂ ಕೇಳಿಸಿತು. ಅತ್ತೆ ಖಾಸಿಂಬಿಯ ಕಡೆ ನೋಡಿದರು. ಅವಳು ಬಳೆ ಪೋಣಿಸಿದ ಮಲಾರದ ಮೇಲೆ ಬಟ್ಟೆ ಎಳೆದುಕೊಂಡಳು.

“ಬಸಮ್ಮಕ್ಕಾ, ನನ್ ಕೈಲೆ ಆಗಂಗಿಲ್ಲ. ಇಡೋದು ಕಲ್ತೀನಿ, ಮುತ್ತೈದಿ ಕೈಯಾಗಿಂದು ಒಡೆಯೋದು ಕಲ್ತಿಲ್ಲ. ಅಲ್ಲಾನ ಮ್ಯಾಲೆ ಆಣಿ, ನನ್ನ ಹೇಳಬ್ಯಾಡ.”

ಅತ್ತೆ ಎದ್ದು ಒಳಗೆ ಹೋದರು. ಮೊದಲು ಮಗನಿಗೆ ಫೋನ್ ಮಾಡಿದರು. ಸ್ವಿಚ್ ಆಫ್. ಮತ್ತೊಮ್ಮೆ ಮಾಡಿದರು, ಮತ್ತೂ ಮಾಡಿದರು. ನಡುಮನೆಯಲ್ಲಿ ಕೂತ ನನಗೆ ಫೋನಿನ ಹೆಂಗಸು ತೆಲುಗಿನಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಹೇಳುವುದು ಕೇಳಿಸುತ್ತಿತ್ತು. ಅವರು ಹೊರಗೆ ಬಂದಾಗ ಒಂದು ಕೈಯಲ್ಲಿ ಇಕ್ಕಳವಿತ್ತು, ಇನ್ನೊಂದರಲ್ಲಿ ಒದ್ದೆ ಟವೆಲ್ಲು.

“ಅತ್ತೇ, ಬ್ಯಾಡ್ರಿ. ಹೆಂಗೋ ನಾಳೆತನಕ ಇರ್ತೀನಿ. ಅಲ್ಲೇ ಒಡೀತಾರೆ, ಆಸ್ಪತ್ರ್ಯಾಗ” ಎಂದೆ. ಕೈಗಾಗಿ ಎಷ್ಟು ಹೆದರಿದ್ದೆನೋ ಅವರ ಮುಖ ನೋಡಿ ಅಷ್ಟೇ ಹೆದರಿದೆ.

“ಸುಮ್ನ ಕುಂದ್ರು. ಇಡಿಸಿದಾಕಿ ನಾನು” ಎಂದರು.

ಟವೆಲ್ಲನ್ನು ಬಳೆಗಳ ಕೆಳಗೆ ತೂರಿಸಿ ನನ್ನ ಚರ್ಮಕ್ಕೆ ಸುತ್ತಿದರು. ಅದರ ತುದಿಯನ್ನು ಬಳೆಗಳ ಮೇಲೂ ಮುಚ್ಚಿದರು. ಬಾಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದರು, ದೇವರ ಹೆಸರೋ ಮಗನ ಹೆಸರೋ. ಎರಡೂ ಮಲ್ಲಿಕಾರ್ಜುನ ಎಂಬ ಒಂದೇ ಹೆಸರಾದ್ದರಿಂದ ನನಗೆ ಇಂದಿಗೂ ಗೊತ್ತಾಗಿಲ್ಲ. ಟಪ್ ಎಂದು ಒಂದು ಒಡೆಯಿತು. ಅವರ ಭುಜ ಯಾರೋ ಹೊಡೆದಂತೆ ಅದುರಿತು. ಇನ್ನೊಂದು ಒಡೆಯಿತು. ಗಾಜಿನ ಚೂರುಗಳನ್ನು ಟವೆಲ್ಲಿನಲ್ಲೇ ಸುತ್ತಿ ತೆಗೆದು, ಸ್ಪ್ಲಿಂಟ್ ಬಿಗಿದು, ಅರಿಶಿನ ಹಚ್ಚಿದ ದಾರವೊಂದನ್ನು ನನ್ನ ತೋಳಿಗೆ ಕಟ್ಟಿದರು. ಆಮೇಲೆ ಗೋಡೆಗೆ ಒರಗಿ ಕೂತುಬಿಟ್ಟರು. ಖಾಸಿಂಬಿ ಅವರಿಗೆ ನೀರು ತಂದುಕೊಟ್ಟಳು.

ಆ ಮಧ್ಯಾಹ್ನ ನಮ್ಮ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಒಂದು ಮೂಲೆಯಲ್ಲಿ ನಾನು, ಇನ್ನೊಂದರಲ್ಲಿ ಅತ್ತೆ. ನಾನು ನನ್ನ ಬೆರಳುಗಳನ್ನು ನೋಡುತ್ತಿದ್ದೆ, ಅವರು ಫೋನನ್ನು ನೋಡುತ್ತಿದ್ದರು. ಹೊರಗೆ ಲಾರಿಯ ಹಾರ್ನ್ ಕೇಳಿಸಿದರೆ ಇಬ್ಬರೂ ಬೆಚ್ಚುತ್ತಿದ್ದೆವು. ಅವರು ಒಮ್ಮೆಯಾದರೂ ನನ್ನನ್ನು ಬೈದಿದ್ದರೆ, ಆಪರೇಷನ್ ಬೇಡವೆಂದು ನಾನು ಹೇಳಿರಲಿಲ್ಲವೇ ಎಂದು ಹಂಗಿಸಿದ್ದರೆ, ನನಗೆ ಹಗುರವಾಗುತ್ತಿತ್ತು. ಬೈಯಲಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಫೋನ್ ಬಂತು. ಅತ್ತೆ ಎತ್ತಿಕೊಂಡರು.

“ಅವ್ವಾ, ಚಾರ್ಜ್ ಹೋಗಿತ್ತು. ಯಾಕ ಇಷ್ಟ್ ಸಲ ಹಚ್ಚೀರಿ? ಉಂಡ್ರೇನು?” ಎಂದು ನನ್ನ ಗಂಡ ಆ ಕಡೆಯಿಂದ ಕೂಗುತ್ತಿದ್ದರು.

“ಉಂಡ್ವಿ. ನೀ ಉಣ್ಣಪಾ” ಎಂದು ಅತ್ತೆ ಫೋನ್ ಇಟ್ಟರು. ಸೆರಗು ಬಾಯಿಗೆ ತುರುಕಿಕೊಂಡು ಅಳತೊಡಗಿದರು. ಅವರ ಅರ್ಧ ಭಯ ಹೋಯಿತು. ಉಳಿದದ್ದು ನನ್ನ ಕೈಯದು, ಅದನ್ನು ಇಬ್ಬರೂ ಹೊತ್ತುಕೊಂಡು ಬೆಳಿಗ್ಗೆ ಮೊದಲನೇ ಬಸ್ಸು ಹತ್ತಿದೆವು.

ದಾರಿಯುದ್ದಕ್ಕೂ ಅತ್ತೆ ನನ್ನ ಸ್ಪ್ಲಿಂಟಿನ ಕೈಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಎರಡೂ ಕೈಯಿಂದ ಎತ್ತಿ ಹಿಡಿಯುತ್ತಿದ್ದರು. ಬೆಳುಗುಪ್ಪದ ಕಡೆಯವರೊಬ್ಬರು ಏನಾಗಿದೆ ಎಂದು ಕೇಳಿದ್ದಕ್ಕೆ, “ಏನಿಲ್ರಿ, ಸರಿ ಹೋಗ್ತೈತೆ” ಎಂದರು. ಸರಿ ಹೋಗುತ್ತದೆ ಎಂಬ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು.

ಮೇಡಂ ಸ್ಪ್ಲಿಂಟ್ ಬಿಚ್ಚುವ ಮೊದಲೇ ಅತ್ತೆ ಎದ್ದು ನಿಂತರು. ಕೋಣೆಯಲ್ಲಿ ಇನ್ನೂ ನಾಲ್ಕು ಜನ ರೋಗಿಗಳಿದ್ದರು.

“ಬಳಿ ಇಡಿಸಿದಾಕಿ ನಾನ್ರಿ. ಆಕಿದೇನೂ ತಪ್ಪಿಲ್ಲ. ಬೈಯೋದಿದ್ರ ನನ್ನ ಬೈರಿ.”

ಮೇಡಂ ಬೈಯಲಿಲ್ಲ. ನನ್ನ ಕೈಯನ್ನು ಮೇಜಿನ ಮೇಲಿಟ್ಟು, ಮುಂದೋಳಿನ ಮೇಲೆ ಎರಡು ಬೆರಳು ಊರಿ, ಬಗ್ಗಿಸಲು ಹೇಳಿದರು. ನನಗೆ ಆಗಲಿಲ್ಲ. ಆಗುವುದಿಲ್ಲ ಎಂದು ತಿಳಿದುಹೋಗುವ ಭಯಕ್ಕೆ ಬಗ್ಗಿಸುವ ಮನಸ್ಸೇ ಬರಲಿಲ್ಲ. ಡಾಕ್ಟರನ್ನು ಕರೆದರು. ಅವರು ಅದೇ ಜಾಗ ಮುಟ್ಟಿ ನೋಡಿ, “ಒಂದ್ಸಲ ಪ್ರಯತ್ನ ಮಾಡಮ್ಮ” ಎಂದರು. ಕಣ್ಣು ಮುಚ್ಚಿಕೊಂಡೆ. ಮಣಿಕಟ್ಟು ಕೆಳಗೆ, ಕೆಳಗೆ, ಎಂದುಕೊಂಡೆ.

“ಹಾಂ, ಹುರಿ ಎಳೀತಾ ಇದೆ” ಎಂದರು ಡಾಕ್ಟರು. “ಇದು ಕಿತ್ತಿಲ್ಲ. ನಿನ್ನೆ ನೋವಿಗೆ, ಹೆದರಿಕೆಗೆ ಅಲುಗಿಲ್ಲ ಅಷ್ಟೆ.”

ಕಣ್ಣು ಬಿಟ್ಟಾಗ ನಾಲ್ಕು ಬೆರಳೂ ಮೇಜಿನಿಂದ ಎದ್ದಿದ್ದವು. ಮಣಿಕಟ್ಟು ಕೂಡ ನಡುಗುತ್ತ ಎದ್ದಿತು. ಹೆಬ್ಬೆರಳು ಮಾತ್ರ ಸ್ವಲ್ಪ ಅಲುಗಿ ಅಲ್ಲೇ ನಿಂತಿತು. ಅದರ ಹೊಲಿಗೆ ಸಡಿಲಗೊಂಡಿದೆ ಎಂದರು. ಈಗಲೂ ಅದು ಅರ್ಧಕ್ಕೇ ನಿಲ್ಲುತ್ತದೆ. ಜೇಬು ಹೊಲಿಯಲು ಅಷ್ಟು ಸಾಕು, ಹೊಲಿಯುತ್ತಿದ್ದೇನೆ.

ಆದರೆ ಅಂದು ಅದೆಲ್ಲ ಗೊತ್ತಿರಲಿಲ್ಲ. ಮೇಡಂ ಹಿಡಿಯುವುದು, ಬಿಡುವುದು ನೋಡಬೇಕೆಂದು ಬ್ಯಾಂಡೇಜಿನ ಸುರುಳಿಯೊಂದನ್ನು ಹುಡುಕುತ್ತಿದ್ದರು. ಅಷ್ಟರಲ್ಲಿ ಅತ್ತೆ ತಮ್ಮ ಕೈಯನ್ನು ಮೇಜಿನ ಮೇಲೆ ನನ್ನ ಅಂಗೈಯೊಳಗೆ ಇಟ್ಟರು. ಮೇಡಂ ನೋಡಿ, ಆಗಲಿ ಎಂದರು.

“ಮೆಲ್ಲಗೆ ಹಿಡಿಯಮ್ಮ.”

ಹಿಡಿದೆ. ಆ ಕೈ ಒರಟಾಗಿತ್ತು, ತಣ್ಣಗಿತ್ತು.

“ಈಗ ಬಿಡು.”

ಬಗ್ಗಿಸಬೇಕು ಎಂದುಕೊಂಡೆ. ಬೆರಳುಗಳು ಒಂದರ ಹಿಂದೆ ಒಂದು ನಿಧಾನವಾಗಿ ತೆರೆದುಕೊಂಡವು. ಮೂರು ವರ್ಷಗಳಲ್ಲಿ ಮೊದಲ ಸಲ, ಎಡಗೈ ಬಂದು ಬಿಡಿಸದೆ, ತಾವಾಗಿ. ಮೇಡಂ “ಸಾಕಮ್ಮ, ಇನ್ನು ಕೈ ತಗೊಳ್ಳಿ” ಎಂದು ಅತ್ತೆಗೆ ಹೇಳಿದರು. ಅತ್ತೆಗೆ ಕೇಳಿಸಿತೋ ಇಲ್ಲವೋ. ತೆರೆದ ನನ್ನ ಅಂಗೈಯೊಳಗೆ ಕೈಯಿಟ್ಟುಕೊಂಡು ಅವರು ಹಾಗೆಯೇ ನಿಂತಿದ್ದರು.